24 ತಾಸು ಯಾವುದಕ್ಕ?
ಮನಿ ಬಿಟ್ಟು ಹೋದ ಹುಡುಗಿ ಬಗ್ಗೆ ದೂರು ಕೊಡಾಕ 24 ತಾಸು ಕಾಯಬೇಕು ಅಂತ ಒಂದು ಲೇಖನದಾಗ ಬರದಾರ, ಅದು ತಪ್ಪು. 18 ತುಂಬದವರು ಕಾಣೆಯಾದ್ರ ಎಫ್‌ಐಆರ್ ಮಾಡ್ಕೋಬೇಕಂತ 2013ರಾಗ ಸುಪ್ರೀಂ ಕೋರ್ಟ್ ಹೇಳೇತಿ. 24 ತಾಸಿನ ಲೆಕ್ಕ ಬ್ಯಾರೆ: ಹುಡುಗಿ ಸಿಕ್ಕಮ್ಯಾಲೆ, ಪ್ರಯಾಣದ ಹೊತ್ತು ಬಿಟ್ಟು, ಅಷ್ಟರೊಳಗ ಮಕ್ಕಳ ಕಲ್ಯಾಣ ಸಮಿತಿ ಮುಂದ ಹಾಜರ ಮಾಡಬೇಕು. ವಿಜಯಪುರದಾಗ ರೈಲು ಹತ್ತಿದಾಕಿ ಅವತ್ತ ಸೊಲ್ಲಾಪುರ ದಾಟಿರ್ತಾಳ, ದೂರು ಕೊಡಾಕ ಹೋದಾಗ ಪೊಲೀಸರು ನಾಳೆ ಬರ್ರಿ ಅಂದ್ರ ಮುಗೀತು.

ಇನ್ನೊಂದು. ಬಸ್‌ಸ್ಟ್ಯಾಂಡಿನ ಕಡೀ ಬೆಂಚಿನ ಮ್ಯಾಲೆ ಸಾಲಿ ಬ್ಯಾಗ್ ಅಪ್ಪಿಕೊಂಡು, ನಾಕು ಬಸ್ ಹೋದ್ರೂ ಏಳದ ಹುಡುಗಿ ಕಂಡ್ರ "ಯಾರ ಮಗಳವಾ?" ಅಂತ ಕೆದಕಬ್ಯಾಡ್ರಿ. ಹೆದರಿ ಸಿಕ್ಕ ಬಸ್ ಹತ್ತತಾಳ. ನೀರು ಕೊಟ್ಟು ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ. ಮನಿಯವರಿಗೆ ನೀವ ಹೇಳೂದು ಬ್ಯಾಡ. ಮದಿವಿ ಗೊತ್ತ ಮಾಡಿದ್ದಕ್ಕ ಓಡಿ ಬಂದಿದ್ರ?