ತೋಟದ ರೈಟರ್ ಅಂದರೆ ತಪ್ಪು ಇಂಗ್ಲಿಷ್ ಅಲ್ಲ

ಕಾಫಿ ತೋಟಗಳಿರುವ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಯಾರನ್ನಾದರೂ ‘ಏನು ಕೆಲಸದಲ್ಲಿದ್ದಾರೆ’ ಅಂತ ಕೇಳಿ, ‘ಎಸ್ಟೇಟಲ್ಲಿ ರೈಟರ್’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹಾಜರಿ ಹಾಕುವವರು. ಯಾವ ಬ್ಲಾಕಿಗೆ ಎಷ್ಟು ಜನ ಅಂತ ಮೇಸ್ತ್ರಿ ಜೊತೆ ಮಾತಾಡುವವರು. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ತೂಕ ಬರೆದುಕೊಳ್ಳುವವರು. ಬಟವಾಡೆ ಲೆಕ್ಕ ಮಾಡುವವರು. ಆದರೆ ಇದೇ ಮಾತನ್ನು ಬೆಂಗಳೂರಿನಲ್ಲಿ ಹೇಳಿದರೆ ಜನ ನಗುತ್ತಾರೆ.

ನನ್ನ ಸೋದರಮಾವ ಬಹಳ ವರ್ಷ ಒಂದು ತೋಟದಲ್ಲಿ ರೈಟರ್ ಆಗಿದ್ದರು. ಒಂದು ಮದುವೆಮನೆಯಲ್ಲಿ ನೆಂಟರ ಹುಡುಗನೊಬ್ಬ, "ಮಾವ, ರೈಟರ್ ಅಂದ್ರೆ ಕಥೆ ಕಾದಂಬರಿ ಬರೆಯೋರು. ನೀವು ಸೂಪರ್‌ವೈಸರ್ ಅಂತ ಹೇಳಿ" ಅಂದ. ಮಾವ "ಹಂಗಾ, ಆಗ್ಲಪ್ಪ" ಅಂತ ಸುಮ್ಮನಾದರು. ನನಗೆ ಸುಮ್ಮನಿರೋಕೆ ಆಗಿಲ್ಲ. ಅವನು ಹೇಳಿದ್ದು ಆ ಪದದ ಅರ್ಧ ಬದುಕು ಮಾತ್ರ.

ಹಳೆಯ ಇಂಗ್ಲಿಷ್‌ನಲ್ಲಿ ‘ರೈಟ್’ ಅನ್ನುವ ಕ್ರಿಯಾಪದಕ್ಕೆ ಮೊದಲು ಇದ್ದ ಅರ್ಥ ಗೀಚು, ಕೊರೆ ಅಂತ. ಮರದ ಮೇಲೆ, ಕಲ್ಲಿನ ಮೇಲೆ ಗೆರೆ ಕೊರೆಯುವುದು. ಜರ್ಮನ್ ಭಾಷೆಯಲ್ಲಿರುವ ಅದರ ಒಡಹುಟ್ಟಿದ ಪದಕ್ಕೆ ಈಗಲೂ ಹರಿ, ಸೀಳು ಅನ್ನುವ ಅರ್ಥ ಇದೆ. ನಮ್ಮ ‘ಬರೆ’ಯೂ ಇದೇ ದಾರಿಯದು. ಬರೆ ಅಂದರೆ ಬರೆಯುವುದೂ ಹೌದು, ಗೆರೆಯೂ ಹೌದು. ಕಾದ ಕಬ್ಬಿಣದಲ್ಲಿ ಬರೆ ಹಾಕುತ್ತಾರಲ್ಲ, ಅದೇ ಬರೆ. ಸಂಸ್ಕೃತದ ‘ಲಿಖ್’ ಧಾತುವಿಗೂ ಗೀರು ಅನ್ನುವುದೇ ಹಳೆಯ ಅರ್ಥ. ಯಾವ ಭಾಷೆಗೆ ಹೋದರೂ ಬರವಣಿಗೆ ಮೊದಲು ಕೈಕೆಲಸ. ಬೇಲೂರು ತಾಲ್ಲೂಕಿನ ಹಲ್ಮಿಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು 450ರ ಕಾಲದ್ದು ಅನ್ನುವ ಆ ಶಾಸನದ 16 ಸಾಲುಗಳನ್ನು ಯಾರೋ ಒಬ್ಬರು ಉಳಿ ಹಿಡಿದು ಕಲ್ಲಿನಲ್ಲಿ ಕೊರೆದಿದ್ದಾರೆ.

ಹಳೆಯ ಇಂಗ್ಲಿಷ್‌ನಲ್ಲಿ ಓಲೆ ಪತ್ರ ನಕಲು ಮಾಡುವವನಿಗೂ ರೈಟರ್ ಅಂತಲೇ ಹೆಸರು. ಸ್ವಂತವಾಗಿ ರಚಿಸುವವನಿಗೆ ಆಮೇಲೆ ‘ಆಥರ್’ ಅಂತ ಇನ್ನೊಂದು ಪದ ಲ್ಯಾಟಿನ್ನಿಂದ ಫ್ರೆಂಚ್ ಮೂಲಕ ಬಂತು. ಅದರ ಬೇರು ‘ಬೆಳೆಸು’ ಅನ್ನುವ ಅರ್ಥದ ಪದ. ಆಥರ್ ಅಂದರೆ ಬೆಳೆಸುವವನು! ಹಾಗಿದ್ದರೆ ಕಾಫಿ ಸೀಮೆಯಲ್ಲಿ ಆ ಹೆಸರು ಗುಂಡಿ ತೆಗೆದು ಗಿಡ ನೆಟ್ಟವರಿಗೆ, ಚಿಗುರು ತೆಗೆದವರಿಗೆ ಸಲ್ಲಬೇಕು ಅಂತ ನನ್ನ ಅನಿಸಿಕೆ.

ಈಗ ಈಸ್ಟ್ ಇಂಡಿಯಾ ಕಂಪನಿಗೆ ಬರೋಣ. ನಮ್ಮ ತೋಟದ ರೈಟರ್‌ನ ಬೇರು ಅಲ್ಲೇ ಸಿಗುವುದು. ಕಂಪನಿಯ ವ್ಯಾಪಾರದ ನೌಕರಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ರೈಟರ್. ಅದರ ಮೇಲೆ ಫ್ಯಾಕ್ಟರ್, ಅಂದರೆ ವ್ಯಾಪಾರದ ಏಜೆಂಟ್, ಆಮೇಲೆ ಜೂನಿಯರ್ ಮರ್ಚೆಂಟ್, ಸೀನಿಯರ್ ಮರ್ಚೆಂಟ್. ಹದಿಹರೆಯದ ಹುಡುಗರು ಹಡಗು ಹತ್ತಿ ಬಂದು ಪತ್ರ ನಕಲು ಮಾಡುತ್ತಿದ್ದರು, ಲೆಕ್ಕ ಬರೆಯುತ್ತಿದ್ದರು. ರಾಬರ್ಟ್ ಕ್ಲೈವ್ 1744ರಲ್ಲಿ ಮದ್ರಾಸಿಗೆ ಬಂದಿಳಿದಿದ್ದು ಸೈನಿಕನಾಗಿ ಅಲ್ಲ, ರೈಟರ್ ಆಗಿ. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಕಟ್ಟಲು ಶುರು ಮಾಡಿದ್ದು 1777ರಲ್ಲಿ, ಇಂಥ ರೈಟರ್‌ಗಳಿಗಾಗಿಯೇ. 2013ರವರೆಗೂ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳ ಕಚೇರಿ ಅದೇ ಕಟ್ಟಡದಲ್ಲಿತ್ತು. ಹೆಸರು ಬದಲಾಗಲಿಲ್ಲ, ಯಾರೂ ನಗಲೂ ಇಲ್ಲ.

ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ಕ್ಯಾನನ್ ಅನ್ನುವ ಇಂಗ್ಲಿಷರವನು ಕಾಫಿ ತೋಟ ಮಾಡಿದ್ದು 1830ರ ಸುಮಾರಿಗೆ. ಮಂಜರಾಬಾದ್ ಕಡೆ, ಅಂದರೆ ಈಗಿನ ಸಕಲೇಶಪುರ ಸೀಮೆಯಲ್ಲಿ, ಗ್ರೀನ್ ಎಂಬುವವನು 1843ರಲ್ಲಿ ಶುರು ಮಾಡಿದ. ಅದು ಕಂಪನಿಯ ಕಾಲ. ಲೆಕ್ಕ ಬರೆಯುವವನನ್ನು ರೈಟರ್ ಅನ್ನುವ ರೂಢಿ ಹಾಗೇ ತೋಟಕ್ಕೂ ನಡೆದು ಬಂದಿದೆ ಅಂತ ನಾನು ನಂಬುತ್ತೇನೆ. ಪೊಲೀಸ್ ಸ್ಟೇಷನ್ನಿನಲ್ಲಿ ಈಗಲೂ ರೈಟರ್ ಇದ್ದಾರೆ ಅಲ್ವಾ? ದೂರು ಕೊಡಲು ಹೋದವರಿಗೆ ಅವರು ಗೊತ್ತಿರುತ್ತಾರೆ. ಸ್ಕಾಟ್ಲೆಂಡಿನಲ್ಲಿ ಒಂದು ಬಗೆಯ ವಕೀಲರನ್ನೇ ‘ರೈಟರ್ ಟು ದ ಸಿಗ್ನೆಟ್’ ಅನ್ನುತ್ತಾರೆ. ಇನ್ಶೂರೆನ್ಸಿನ ‘ಅಂಡರ್‌ರೈಟರ್’ ಕೂಡ ಇದೇ ಮನೆತನ. ನಷ್ಟವಾದರೆ ನಾನು ಕೊಡುತ್ತೇನೆ ಅಂತ ಪತ್ರದ ಕೆಳಗೆ ಹೆಸರು ಬರೆಯುವವನು. ಲಂಡನ್ನಿನಲ್ಲಿ ಆ ವ್ಯವಹಾರ ಬೆಳೆದದ್ದು ಎಲ್ಲಿ ಗೊತ್ತಾ? ಎಡ್ವರ್ಡ್ ಲಾಯ್ಡ್ ಎಂಬುವವನ ಕಾಫಿ ಅಂಗಡಿಯಲ್ಲಿ.

ನಮ್ಮವರೂ ಲೆಕ್ಕ ಬರೆಯುವವನನ್ನೂ ಬರಹಗಾರನನ್ನೂ ಬೇರೆ ಬೇರೆ ಕೂರಿಸಿದವರಲ್ಲ. ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಹಳೆಯ ಹೆಸರು ಸೇನಬೋವ. ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಇದನ್ನು ಬರೆದವನು ಸೇನಬೋವ ಇಂಥವನು’ ಅನ್ನುವ ಸಾಲುಗಳು ಸಿಗುತ್ತವೆ. ಇನ್ನು ಕುಮಾರವ್ಯಾಸ. ಗದಗಿನ ದೇವರು ವೀರನಾರಾಯಣನೇ ಕವಿ, ತಾನು ಲಿಪಿಕಾರ ಅಂತ ಹೇಳಿಕೊಂಡ. ಅಷ್ಟು ದೊಡ್ಡ ಕವಿ ತನಗೆ ಆರಿಸಿಕೊಂಡ ಹೆಸರು ಅದು.

ಪದದ ಮಾತು ಬಿಡಿ, ಕೆಲಸ ನೋಡಿ. ರೈಟರ್ ಚೆಕ್‌ರೋಲಿನಲ್ಲಿ ಹಾಕುವ ಒಂದೊಂದು ಗುರುತೂ ಒಬ್ಬರ ದಿನದ ಕೂಲಿ. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. 1972ರ ಗ್ರಾಚ್ಯುಟಿ ಕಾಯ್ದೆ ತೋಟಗಳಿಗೂ ಅನ್ವಯವಾಗುವಂತೆ ಬಂತು. ಐದು ವರ್ಷ ಬಿಡದೆ ದುಡಿದಿರಬೇಕು, ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕು, ಹಾಗಿದ್ದರೆ ವರ್ಷಕ್ಕೆ 15 ದಿನದ ಕೂಲಿಯಂತೆ ಕೊನೆಗೆ ಹಣ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬದುಕು ಸವೆಸಿದ ಒಬ್ಬ ಹೆಂಗಸು ಆ 240 ದಿನವನ್ನು ಯಾವುದರಿಂದ ತೋರಿಸಬೇಕು? ರೈಟರ್ ಬರೆದ ಪುಸ್ತಕದಿಂದ. ಅಲ್ಲಿ ಅವಳ ಹೆಸರು ತಪ್ಪಾಗಿದ್ದರೆ, ಹೆಸರೇ ಬಿಟ್ಟುಹೋಗಿದ್ದರೆ, ಅವಳು ದುಡಿದಿದ್ದು ಲೆಕ್ಕಕ್ಕೇ ಬರುವುದಿಲ್ಲ. ಯಾವ ಕಾದಂಬರಿಯ ಸಾಲಿಗೂ ಇಷ್ಟು ಹೊಣೆ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಮಳೆ ಪುಸ್ತಕದ ಮಾತು ಹೇಳದಿದ್ದರೆ ಆಗದು. ಬೆಳಿಗ್ಗೆ ಮಳೆ ಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುವುದು ಎಷ್ಟೋ ತೋಟಗಳಲ್ಲಿ ರೈಟರ್ ಕೆಲಸ. ಹೂಮಳೆ ಯಾವ ದಿನ ಬಿತ್ತು, ಎಷ್ಟು ಸೆಂಟ್, ಹೂವಾದ ಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತೋ ಇಲ್ಲವೋ, ಎಲ್ಲ ಅದರಲ್ಲಿರುತ್ತದೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಹೂವಾಗುತ್ತದಲ್ಲ, ಆ ವರ್ಷದ ಫಸಲಿನ ಅಂದಾಜು ಶುರುವಾಗುವುದೇ ಈ ಪುಸ್ತಕದಿಂದ. ಮಲೆನಾಡಿನ ಮಳೆ ಹೇಗೆ ಬದಲಾಗಿದೆ ಅಂತ ಈಗ ಎಲ್ಲರೂ ಮಾತಾಡುತ್ತೇವೆ. ತೋಟ ತೋಟದ ಲೆಕ್ಕ ಬೇಕೆಂದರೆ ಈ ರೈಟರ್‌ಗಳ ಕೈಬರಹ ಬಿಟ್ಟು ಬೇರೆ ಎಲ್ಲಿ ಹುಡುಕುತ್ತೀರಿ?

ಈಗ ಹಲವು ತೋಟಗಳಲ್ಲಿ ಲೆಕ್ಕ ಮೊಬೈಲಿಗೆ, ಕಂಪ್ಯೂಟರಿಗೆ ಹೋಗಿದೆ. ಹೋಗಲಿ, ಒಳ್ಳೆಯದೇ. ಆದರೆ ಹಳೆಯ ಪುಸ್ತಕಗಳು ಗೋಡೌನಿನ ಮೂಲೆಯಲ್ಲಿ ಗೆದ್ದಲು ಹಿಡಿಯುತ್ತಿವೆ, ಇಲ್ಲ ಗುಜರಿಗೆ ಹೋಗುತ್ತಿವೆ. ತೋಟ ಇರುವ ನನ್ನ ಸ್ನೇಹಿತರಲ್ಲಿ ಒಂದು ಕೇಳಿಕೆ. ಮಳೆ ಪುಸ್ತಕ, ಹಳೆಯ ಚೆಕ್‌ರೋಲ್ ಕೊಡುವ ಮುಂಚೆ ಒಂದೊಂದು ಪುಟದ ಫೋಟೋ ತೆಗೆದಿಡಿ. ಅದನ್ನು ಬರೆದ ರೈಟರ್ ಯಾರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದರು ಅಂತ ಊರಲ್ಲಿ ವಿಚಾರಿಸಿ ಅದರ ಜೊತೆಗೇ ಬರೆದಿಡಿ.