ಆಮೆಗೊಂದು ಆಮಂತ್ರಣ

ಬಡಾವಣೆಯ ಕೆರೆಯಲ್ಲಿ ಅನ್ನಸಂತರ್ಪಣೆಗೆ ಹೊರಟವರು ಮೊದಲೇ ಒಂದು ಮಾತು ಒಪ್ಪಿಕೊಂಡಿರಬೇಕು: ಕರೆಸಿಕೊಂಡವರು ಬರುವುದು ಕಡೇ ಪಂಕ್ತಿಗೆ. ಆಮೆಗೆಂದು ಒಂದು ಕಾಳು ನೀರಿಗೆ ಬಿದ್ದ ಎರಡನೇ ಸೆಕೆಂಡಿಗೆ ಜಿಲೇಬಿ ಮೀನು ಹಾಜರು. ಅದರ ಹಿಂದೆ ಬಾತುಕೋಳಿ, ಬಾತಿನ ಗದ್ದಲ ಕೇಳಿ ಕಾಗೆ, ಕಾಗೆಯ ಹಿಂದೆ ಬೀದಿನಾಯಿ. ಆಮೇಲೆ ಮೂರನೇ ಸುತ್ತಿನಲ್ಲಿರುವ ವಾಕಿಂಗ್ ಅಂಕಲ್ ಒಬ್ಬರು ನಿಂತು "ಏನ್ ಸಾರ್ ಹಾಕ್ತಿರೋದು?" ಅಂತ ಕೇಳಿ, ಉತ್ತರಕ್ಕೆ ಕಾಯದೆ "ಬಿಸ್ಕತ್ ಹಾಕಿ, ಚೆನ್ನಾಗಿ ತಿನ್ತವೆ" ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ. ಅವರ ಬೆನ್ನಿಗೇ ವಾಚ್‌ಮನ್ ಸೀಟಿ. ಇಷ್ಟೆಲ್ಲ ಮುಗಿದು ದಂಡೆ ಖಾಲಿಯಾದ ಮೇಲೆ, ಹತ್ತಡಿ ದೂರದಲ್ಲಿ, ಹಸಿರು ನೀರಿನ ಮೇಲೆ ಕಡಲೆಕಾಯಿ ತುದಿಯಷ್ಟು ದಪ್ಪದ ಒಂದು ಮೂಗು ಏಳುತ್ತದೆ. ಎರಡು ಹೊಳ್ಳೆ, ಒಂದು ಉಸಿರು, ಸುತ್ತ ಒಂದೇ ಒಂದು ಉಂಗುರದಲೆ. ಮುಳುಗಿತು. ಆ ಮೂಗಿನ ಯಜಮಾನರೇ ಮುಖ್ಯ ಅತಿಥಿ.

ಆ ಮೂಗು ಬಹುಮಟ್ಟಿಗೆ ಫ್ಲ್ಯಾಪ್‌ಶೆಲ್ ಆಮೆಯದು. ನಮ್ಮ ಕೆರೆ, ಕಾಲುವೆ, ಗದ್ದೆಗಳ ಹಳೇ ನಿವಾಸಿ. ಬೆನ್ನು ಗಟ್ಟಿ ಚಿಪ್ಪಿನ ಹಾಗೆ ಒರಟಲ್ಲ, ನುಣ್ಣಗೆ ತೊಗಲು ಹೊದೆಸಿದ ಹಾಗಿರುತ್ತದೆ. ಹೊಟ್ಟೆಯ ಕೆಳಗೆ ಹಿಂದೆ ಎರಡು ಚರ್ಮದ ಮಡಿಕೆ. ಕಾಲು ಒಳಗೆಳೆದುಕೊಂಡರೆ ಅವು ಬಾಗಿಲ ಪರದೆಯಂತೆ ಮುಚ್ಚಿಕೊಳ್ಳುತ್ತವೆ. ಕೆರೆ ಬತ್ತಿದರೆ ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಇಷ್ಟು ತಾಳ್ಮೆಯ ಪ್ರಾಣಿ ನಿಮ್ಮ ಒಂದು ಹಿಡಿ ಕಡ್ಲೆಪುರಿಗೆ ಓಡಿ ಬರುತ್ತದೆಂದು ನಂಬುವುದೇ ಮೊದಲ ತಪ್ಪು.

ಓಡಿ ಬರುವುದು ಇನ್ನೊಂದು. ಕಣ್ಣಿನ ಹಿಂದೆ ಕುಂಕುಮದಲ್ಲಿ ಗೆರೆ ಎಳೆದ ಹಾಗಿರುವ, ಗಟ್ಟಿ ಚಿಪ್ಪಿನ, ಕತ್ತೆತ್ತಿ ನಿಮ್ಮನ್ನೇ ನೋಡುತ್ತ ಈಜಿ ಬರುವ ಆಮೆ. ಅದನ್ನು ಕಂಡವರು "ಕೆರೆ ಆಮೆ ನನಗೆ ಒಗ್ಗಿಕೊಂಡುಬಿಟ್ಟಿದೆ" ಎಂದು ಮನೆ ಗ್ರೂಪಿಗೆ ವಿಡಿಯೋ ಕಳಿಸುತ್ತಾರೆ. ಅದರ ಹೆಸರು ರೆಡ್ ಇಯರ್ಡ್ ಸ್ಲೈಡರ್, ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಅಕ್ವೇರಿಯಂ ಅಂಗಡಿಯಲ್ಲಿ ನಾಣ್ಯದಷ್ಟಿದ್ದಾಗ ಯಾರೋ ಮಗುವಿನ ಹುಟ್ಟುಹಬ್ಬಕ್ಕೆ ತಂದಿದ್ದು. ಕೆಲವು ವರ್ಷದಲ್ಲಿ ಅದು ಊಟದ ತಟ್ಟೆಯಷ್ಟಾಗಿ, ತೊಟ್ಟಿ ವಾರಕ್ಕೆರಡು ಸಲ ನಾರತೊಡಗಿ, ಒಂದು ರಾತ್ರಿ ಬಕೆಟ್ಟಿನಲ್ಲಿ ಕೆರೆಗೆ ಬಂದಿಳಿದಿದೆ. ಅಂದರೆ ನೀವು ಯಾರನ್ನೂ ಪಳಗಿಸಲಿಲ್ಲ. ಬೇರೆಯವರು ಪಳಗಿಸಿ ಕೈಬಿಟ್ಟಿದ್ದನ್ನು ನೀವು ಮುಂದುವರಿಸಿದಿರಿ, ಅಷ್ಟೆ. ಅದನ್ನು ದಷ್ಟಪುಷ್ಟವಾಗಿ ಸಾಕಿದಷ್ಟೂ ಬಿಸಿಲು ಕಾಯುವ ಕಲ್ಲು, ಬಸವನಹುಳು, ಎಲ್ಲದರಲ್ಲೂ ನಮ್ಮ ಮೂಗಿನ ಯಜಮಾನರ ಪಾಲು ಕಡಿಮೆ. ಕುಂಕುಮದ ಗೆರೆ ಕಂಡರೆ ಕೈಯಲ್ಲಿರುವುದನ್ನು ಜೇಬಿಗೆ ಹಾಕಿ.

ಇನ್ನು ಕಾನೂನು. ಫ್ಲ್ಯಾಪ್‌ಶೆಲ್ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಜತೆಗೆ. ಮನೆಗೆ ತಂದು ಬಕೆಟ್ಟಿನಲ್ಲಿಟ್ಟರೆ 3ರಿಂದ 7 ವರ್ಷದವರೆಗೆ ಜೈಲಾಗಬಹುದು. ವಾಸ್ತುವಿಗೆಂದು ತಟ್ಟೆಯ ನೀರಿನಲ್ಲಿಡುವ ಹಿತ್ತಾಳೆ ಆಮೆಗೆ ಈ ತಾಪತ್ರಯವಿಲ್ಲ. ಆಮೆ ಮನೆಯಲ್ಲಿರಲೇಬೇಕೆಂದರೆ ಅದೇ ಇರಲಿ. ಇದೇ ಕಾಯ್ದೆಯಲ್ಲಿ ಬೇಟೆ ಎನ್ನುವುದರ ಅರ್ಥದೊಳಗೆ ಆಮಿಷ ಒಡ್ಡುವುದೂ ಸೇರಿದೆ. ಆದ್ದರಿಂದ ಒಂದು ಕೈಯಲ್ಲಿ ಎರೆಹುಳು, ಇನ್ನೊಂದರಲ್ಲಿ ದಾರ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು "ಸ್ನೇಹ ಬೆಳೆಸ್ತಾ ಇದೀನಿ" ಎಂದರೆ ವಾಚ್‌ಮನ್ ನಂಬಬೇಕಾಗಿಲ್ಲ. ಗೇಟಿನಲ್ಲಿ "ಆಹಾರ ಹಾಕಬಾರದು" ಎಂಬ ಫಲಕವಿದ್ದರಂತೂ ಮಾತೇ ಇಲ್ಲ, ಬರೀ ಕೂತು ನೋಡಿ ಬನ್ನಿ.

ಫಲಕವಿಲ್ಲದ ಕಡೆಯೂ ಮೊದಲ ವಾರದ ಕೆಲಸ ಬರೀ ಕೂರುವುದೇ. ದಿನಾ ಒಂದೇ ಜಾಗ, ಒಂದೇ ಹೊತ್ತು, ಸಾಧ್ಯವಾದರೆ ಒಂದೇ ಬಣ್ಣದ ಅಂಗಿ. ನಿಂತರೆ ನೀವು ಆಮೆಗೆ ಒಂದು ಮರ, ಅಲ್ಲಾಡುವ ಮರ. ಮೆಟ್ಟಿಲ ಮೇಲೆ ತಗ್ಗಾಗಿ ಕೂರಿ. ಸೂರ್ಯ ಎದುರಿಗಿರಲಿ, ನೆರಳು ಬೆನ್ನ ಹಿಂದೆ ಬೀಳಲಿ. ನೆರಳೊಂದು ನೀರಿನ ಮೇಲೆ ಹಾದರೆ ಸಾಕು, ಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದ ಆರೂ ಆಮೆಗಳು ಬುಳುಬುಳು ಇಳಿದುಬಿಡುತ್ತವೆ, ಹದ್ದು ಬಂತೆಂದುಕೊಂಡು. ಕಾಲು ನೆಲಕ್ಕೆ ಬಡಿಯಬೇಡಿ. ಮಾತಿಗಿಂತ ಹೆಜ್ಜೆಯ ಅದುರು ಅವಕ್ಕೆ ಬೇಗ ಮುಟ್ಟುತ್ತದೆ. ಎರಡನೇ ವಾರ ಮಾರುದೂರಕ್ಕೆ ಎರಡೋ ಮೂರೋ ಕಾಳು. ಮೂರು ನಾಲ್ಕು ದಿನಕ್ಕೊಮ್ಮೆ ಒಂದಡಿ ಹತ್ತಿರ. ಅವಸರ ಮಾಡಿ ಒಮ್ಮೆ ಹೆದರಿಸಿದರೆ ಲೆಕ್ಕ ಮತ್ತೆ ಮೊದಲಿಂದ ಶುರು, ಹಾವು ಏಣಿ ಆಟದ ಹಾಗೆ.

ಕಾಳು ಅಂದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ತೇಲುವ ಆಮೆ ಪೆಲೆಟ್. ಅಂಗೈಯಷ್ಟು ಆಮೆಗೆ ನಾಲ್ಕೈದು ಸಾಕು, ಅದೂ ವಾರಕ್ಕೆ ಎರಡು ಸಲ. ಆಮೆ ಸಾಕುವವರ ಅಳತೆಗೋಲು ಸುಲಭ: ಒಂದು ಹೊತ್ತಿನ ಊಟ ಅದರ ತಲೆಯಷ್ಟೇ ಇರಬೇಕು. ಕೆರೆಯಲ್ಲಿರುವುದಕ್ಕೆ ಅಷ್ಟೂ ಬೇಡ, ಮಿಕ್ಕಿದ್ದನ್ನು ಅದೇ ದುಡಿದುಕೊಳ್ಳುತ್ತದೆ. ಅಡುಗೆಮನೆಯ ಒಣ ಸೀಗಡಿಯಲ್ಲಿ ಉಪ್ಪಿರುತ್ತದೆ, ಬೇಡ. ಅಕ್ವೇರಿಯಂ ಅಂಗಡಿಯ ಒಣ ಸೀಗಡಿ ಹಪ್ಪಳ ಸಂಡಿಗೆ ಇದ್ದ ಹಾಗೆ. ಒಂದೆರಡು ಸರಿ, ಅದೇ ಊಟವಲ್ಲ. ಐದು ನಿಮಿಷದಲ್ಲಿ ಯಾರೂ ಮುಟ್ಟದಿದ್ದರೆ ಅವತ್ತಿಗೆ ಎದ್ದುಬನ್ನಿ.

ಹೊತ್ತಿನದೇ ಒಂದು ದೊಡ್ಡ ಪೇಚು. ಆಮೆಯ ಮೈ ಬಿಸಿಲಿನಿಂದ ಕಾಯಬೇಕು, ಕಾದ ಮೇಲೆ ಹಸಿವು. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ತಿಂದದ್ದು ಅದಕ್ಕೆ ಬೇಗ ಅರಗುವುದೂ ಇಲ್ಲ. ಹಾಗಾಗಿ ಅದು ಊಟಕ್ಕೆ ಸಿದ್ಧವಾಗುವುದು ಬಿಸಿಲೇರಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ. ಬೆಂಗಳೂರಿನ ಎಷ್ಟೋ ಕೆರೆಗಳ ಗೇಟಿಗೆ ಬೀಗ ಬೀಳುವುದೂ ಸರಿಯಾಗಿ ಅಷ್ಟು ಹೊತ್ತಿಗೇ. ಆರು ಗಂಟೆಗೆ ಸ್ವೆಟರ್ ಹಾಕಿಕೊಂಡು ಪೆಲೆಟ್ ಹಿಡಿದು ಬಂದವರು ನಾಲ್ಕು ತಾಸು ಮೀನು ಸಾಕಿ ಮನೆಗೆ ಹೋಗುತ್ತಾರೆ. ಸಂಜೆ ಗೇಟು ತೆರೆದ ಮೊದಲ ಗಂಟೆ ವಾಸಿ, ನೀರು ಇನ್ನೂ ಬೆಚ್ಚಗಿರುತ್ತದೆ.

ಕೈಯಿಂದಲೇ ತಿನ್ನಿಸಬೇಕೆಂಬ ಆಸೆಗೆ ಮದ್ದು ತೆಂಗಿನ ಕಡ್ಡಿ. ಪೊರಕೆಯಿಂದ ಒಂದು ಉದ್ದನೆಯ ಕಡ್ಡಿ ಎಳೆದು, ಚೂಪು ತುದಿ ಮುರಿದು, ನೆನೆದ ಪೆಲೆಟ್ಟನ್ನು ತುದಿಗೆ ಮೆಲ್ಲಗೆ ಸಿಕ್ಕಿಸಿ, ನೀರಿನ ಮಟ್ಟಕ್ಕೆ ಒಂದಂಗುಲ ಕೆಳಗೆ ಹಿಡಿಯಿರಿ. ನೀರಿನ ಮೇಲೆ ಹಿಡಿದರೆ ಉಪಯೋಗವಿಲ್ಲ. ನೀರಾಮೆಗೆ ನುಂಗಲು ನೀರೇ ಬೇಕು, ಬಾಯಿಗೆ ಸಿಕ್ಕಿದ್ದನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಹತ್ತಿರದಿಂದ ನೋಡಬೇಕಾದ ದೃಶ್ಯ ಅದು. ಕತ್ತು ಇಂಚಿಂಚಾಗಿ ಬರುತ್ತದೆ, ಇಷ್ಟುದ್ದದ ಕತ್ತು ಎಲ್ಲಿಟ್ಟುಕೊಂಡಿತ್ತೋ ಅನ್ನಿಸುವಷ್ಟು. ಮೂಗು ಪೆಲೆಟ್ಟಿಗೆ ತಾಗಿಸಿ ನಿಲ್ಲುತ್ತದೆ. ಯೋಚಿಸುತ್ತದೆ. ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಮುಖ. ಆಮೇಲೆ ಚಟಕ್ಕನೆ ಒಂದು ಕಡಿತ, ತಲೆ ಹಿಂದಕ್ಕೆ, ದೊಡ್ಡ ಚೂರಾದರೆ ಮುಂಗಾಲಿನ ಉಗುರಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹರಿಯುವುದು.

ಅದೇ ಚಟಕ್ಕನೆ ಬೆರಳಿಗೂ ಆಗಬಹುದು. ಆಮೆಗೆ ಹಲ್ಲಿಲ್ಲ, ಕೊಕ್ಕಿನಂಥ ಅಂಚಿದೆ, ಸಮಾಧಾನಪಟ್ಟುಕೊಳ್ಳಬೇಡಿ. ಬಣ್ಣ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಕೆಂಪು ನೇಲ್ ಪಾಲಿಶ್ ಹಾಕಿದ ಕಾಲ್ಬೆರಳನ್ನು ಮೆಟ್ಟಿಲಿನಿಂದ ನೀರಿಗೆ ಇಳಿಬಿಟ್ಟವರು ಐದು ತುಂಡು ಕ್ಯಾರೆಟ್ ಬಡಿಸಿದ ಹಾಗೆ. ಕಚ್ಚಿತೆನ್ನಿ, ಮೊದಲು ಬರುವ ಬುದ್ಧಿ ಕೈ ಎಳೆದುಕೊಳ್ಳುವುದು. ಎಳೆದರೆ ಅದು ಉಡದ ಪಟ್ಟು ಹಿಡಿಯುತ್ತದೆ, ಚರ್ಮ ಹರಿಯುತ್ತದೆ. ಕೈಯನ್ನು ಆಮೆಯ ಸಮೇತ ನೀರಿಗೆ ಇಳಿಸಿ ಸುಮ್ಮನಿರಿ. ನೀರು ಸಿಕ್ಕಿದ ಕೂಡಲೇ ಅದಕ್ಕೆ ಹೋಗಲು ದಾರಿ ಕಾಣುತ್ತದೆ, ಬಿಡುತ್ತದೆ. ಆ ಅರ್ಧ ನಿಮಿಷ ಸುಮ್ಮನಿರುವುದು ಹೇಳಿದಷ್ಟು ಸುಲಭವಲ್ಲ, ಅದರಲ್ಲೂ ಅಂಕಲ್ ನಾಲ್ಕನೇ ಸುತ್ತಿಗೆ ಬಂದು "ಬಿಸ್ಕತ್ ಹಾಕಿ ಅಂತ ಹೇಳ್ದೆ" ಎನ್ನುವಾಗ.

ಹಕ್ಕಿಗಳ ವಿಷಯದಲ್ಲಿ ನಿರಾಸೆ ಬೇಗ ಮುಗಿದುಹೋಗುತ್ತದೆ. ಕೆರೆಯ ಹಕ್ಕಿಗಳಲ್ಲಿ ಮುಕ್ಕಾಲು ಪಾಲಿಗೆ ನಿಮ್ಮ ಜೇಬಿನಲ್ಲಿರುವ ಯಾವುದೂ ಬೇಡ. ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿಗೆ ಮೀನೇ ಆಗಬೇಕು, ಅದೂ ತಾವೇ ಹಿಡಿದದ್ದು. ಗುಳುಮುಳುಕ ನಿಮ್ಮ ಕಡೆ ನೋಡಿ, ಮುಳುಗಿ, ಕೆರೆಯ ಆಚೆ ಬದಿಯಲ್ಲಿ ಏಳುತ್ತದೆ. ಅಭಿಪ್ರಾಯವನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಹಣೆಯಲ್ಲಿ ಬಿಳಿ ನಾಮವಿಟ್ಟ ನಾಮದ ಕೋಳಿ ನೀರಿನ ಗಿಡ ಮೇಯುತ್ತ ತನ್ನ ಪಾಡಿಗೆ ಇರುತ್ತದೆ. ಕೈಗೆ ಬರುವುದು ಅಪಾರ್ಟ್‌ಮೆಂಟ್ ಕೊಳದ ಸಾಕು ಬಾತು. ಅದಕ್ಕೆ ಮೆಕ್ಕೆಜೋಳದ ನುಚ್ಚು, ಭತ್ತ, ಗೋಧಿ, ಇಲ್ಲವೇ ಫ್ರೀಜರಿನಿಂದ ತೆಗೆದು ತಣ್ಣೀರಲ್ಲಿ ಬಿಟ್ಟ ಹಸಿ ಬಟಾಣಿ, ಹತ್ತು ಬಾತಿಗೆ ಎರಡು ಹಿಡಿ. ಅಂಗೈ ಹಾಳೆಯ ಹಾಗೆ ಚಪ್ಪಟೆಯಾಗಿರಲಿ, ಹೆಬ್ಬೆರಳು ಒಳಗೆ. ಬಟ್ಟೆ ಕ್ಲಿಪ್ಪುಗಳು ಸಾಲಾಗಿ ಕೈ ಮೇಲೆ ಟೈಪ್ ಮಾಡಿದ ಹಾಗಾಗುತ್ತದೆ. ನೋವಿಲ್ಲ, ನಗು ತಡೆಯುವುದು ಕಷ್ಟ, ನಕ್ಕರೆ ಕಾಳು ಚೆಲ್ಲುತ್ತದೆ.

ಬಾತಿನ ಜತೆ ದೊಡ್ಡ ಬಿಳಿ ಗೂಸ್ ಇದ್ದರೆ (ಜನ ಅದನ್ನು ಹಂಸ ಅಂತ ಕರೆದು ಗೌರವಿಸುತ್ತಾರೆ, ಹತ್ತಿರ ಹೋಗುವವರೆಗೆ) ಲೆಕ್ಕವೇ ಬೇರೆ. ಅದು ಕತ್ತು ನೆಲಕ್ಕೆ ಚಾಚಿ ಬುಸ್ ಎಂದರೆ ಸ್ವಾಗತ ಭಾಷಣವಲ್ಲ. ಬೆನ್ನು ತೋರಿಸಿ ಓಡಿದವರ ಪ್ಯಾಂಟಿನ ಹಿಂಭಾಗ ಅದರ ಪಾಲು. ಖಾಲಿ ಕೈ ಎರಡನ್ನೂ ತೋರಿಸಿ, ಮುಖ ಅದರ ಕಡೆಗೇ ಇಟ್ಟುಕೊಂಡು, ನಿಧಾನಕ್ಕೆ ಹಿಂದಕ್ಕೆ ನಡೆಯಬೇಕು. ಹಿಂದೆ ಮೆಟ್ಟಿಲಿದೆಯೇ ಎಂದು ಮೊದಲೇ ನೋಡಿಟ್ಟುಕೊಂಡಿರಬೇಕು.

ಕಾಗೆಯ ಸ್ನೇಹ ಬೇಡವೆಂದರೂ ಆಗುತ್ತದೆ. ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಬಿಟ್ಟರು; ವರ್ಷಗಟ್ಟಲೆ ಆ ಮುಖವಾಡ ಕಂಡರೆ ಅಲ್ಲಿನ ಕಾಗೆಗಳು ಅರಚಿ ಅಟ್ಟಿಸಿಕೊಂಡು ಬರುತ್ತಿದ್ದವು. ತಿಥಿಯ ವಡೆಗೆ ಮನೆ ಮನೆಯ ತಾರಸಿಯಲ್ಲಿ ಕರೆಸಿಕೊಳ್ಳುವ ನಮ್ಮ ಕಾಗೆಗೆ ಮುಖ ನೆನಪಿಡುವ ತರಬೇತಿ ಬೇಕಿಲ್ಲ. ನಾಲ್ಕು ದಿನ ಹಾಕಿ ಐದನೇ ದಿನ ಬರಿಗೈಲಿ ಬಂದರೆ ಬಸ್‌ಸ್ಟಾಪಿನವರೆಗೂ ಬಿಡುವುದಿಲ್ಲ. ಹದ್ದಿಗೆ ಕೋಳಿಯ ಚರ್ಮ ಎಸೆಯುವುದು ಇದಕ್ಕಿಂತ ಕೆಟ್ಟ ಅಭ್ಯಾಸ. ಮೇಲಿಂದ ಎರಗುವ ಹದ್ದಿಗೆ ಚರ್ಮ ಯಾವುದು, ಪಕ್ಕದ ಬೆಂಚಿನ ಮಗುವಿನ ಕೈಲಿರುವ ಸಮೋಸ ಯಾವುದು ಎಂಬ ಭೇದವಿಲ್ಲ.

ಎಲ್ಲ ತಪ್ಪಿಗೂ ದೊಡ್ಡಣ್ಣ ಬ್ರೆಡ್. ಹೊಟ್ಟೆ ತುಂಬಿಸುತ್ತದೆ, ಹೊಟ್ಟೆಗೆ ಏನೂ ಕೊಡುವುದಿಲ್ಲ. ಬೆಳೆಯುವ ಬಾತುಮರಿಗೆ ಬರೀ ಪಿಷ್ಟ ಸುರಿದರೆ ರೆಕ್ಕೆಯ ತುದಿ ಹೊರಕ್ಕೆ ತಿರುಚಿಕೊಂಡು ಹಾರಲಾಗದ ಹಾಗಾಗುತ್ತದೆಂದು ಬಾತು ಸಾಕುವವರು ಎಚ್ಚರಿಸುತ್ತಾರೆ. ಬೂಷ್ಟು ಹಿಡಿದದ್ದಾದರೆ ಶ್ವಾಸಕೋಶಕ್ಕೆ ಕೇಡು. ತಿನ್ನದೆ ಉಳಿದದ್ದು ತಳಕ್ಕೆ ಹೋಗಿ ಕೊಳೆಯುತ್ತದೆ, ಕೊಳೆಯಲು ನೀರಿನ ಆಮ್ಲಜನಕ ಎಳೆಯುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನು ರಾಶಿರಾಶಿ ಸತ್ತು ತೇಲಿದ್ದಕ್ಕೆ ಬ್ರೆಡ್ಡನ್ನು ಯಾರೂ ದೂರಲಿಲ್ಲ, ಚರಂಡಿ ನೀರನ್ನು ದೂರಿದರು. ಆದರೆ ಕೊಳೆಯುವ ವಸ್ತು ಯಾವುದೇ ಆಗಲಿ, ನೀರಿನ ಉಸಿರು ಕಟ್ಟುವ ಬಗೆ ಒಂದೇ. ಕಡ್ಲೆಪುರಿ ಹಗುರವಲ್ಲವೇ ಎನ್ನಬಹುದು. ಹುರಿಯುವಾಗಲೇ ಅದಕ್ಕೆ ಉಪ್ಪು ಸೇರಿರುತ್ತದೆ. ಶೃಂಗೇರಿಯಲ್ಲಿ ಮೀನಿಗೆ ಪುರಿ ಹಾಕಿ ಬಂದ ಅಭ್ಯಾಸ ನಮ್ಮ ಕೈಯಲ್ಲಿ ಕೂತಿದೆ. ಅಲ್ಲಿರುವುದು ಹರಿಯುವ ತುಂಗೆ, ಇಲ್ಲಿರುವುದು ಹರಿಯಲು ದಾರಿಯಿಲ್ಲದ ನಾಲ್ಕೆಕರೆ ನೀರು.

ಮದ್ದೂರಿನ ಕಡೆ ಕೊಕ್ಕರೆಬೆಳ್ಳೂರಿನವರು ತಲೆತಲಾಂತರದಿಂದ ಹೆಜ್ಜಾರ್ಲೆ, ಕೊಕ್ಕರೆಗಳ ಜತೆ ಬಾಳುತ್ತಿದ್ದಾರೆ. ಅಲ್ಲಿ ಹಕ್ಕಿಗಳಿಗೆ ದಿನಾ ತಟ್ಟೆ ಇಡುವುದಿಲ್ಲ. ಹಿತ್ತಲ ಹುಣಸೆಮರದಲ್ಲಿ ಗೂಡು ಕಟ್ಟಲು ಬಿಡುತ್ತಾರೆ, ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗೊಬ್ಬರಕ್ಕೆ ತೆಗೆದುಕೊಳ್ಳುತ್ತಾರೆ. ಬಾಡಿಗೆ ವಸೂಲಿಗೆ ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ಬೆಂಗಳೂರಿನ ಯಾವ ಮನೆ ಮಾಲೀಕರೂ ಕಂಡುಹಿಡಿದಿಲ್ಲ.

ಮಳೆಗಾಲದಲ್ಲಿ ಕೆರೆಯ ಆಮೆ ರಸ್ತೆಗೆ ಬಂದದ್ದು ಕಂಡರೆ ಅದರ ಮೂಗು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ದಾಟಿಸಿ. "ಪಾಪ, ದಾರಿ ತಪ್ಪಿದೆ" ಎಂದು ಕೆರೆಗೆ ವಾಪಸು ಬಿಟ್ಟರೆ ಅದು ಮತ್ತೆ ಅದೇ ರಸ್ತೆಗೆ ಬರುತ್ತದೆ. ಎತ್ತುವಾಗ ಚಿಪ್ಪಿನ ಹಿಂಭಾಗ ಹಿಡಿಯಿರಿ. ಆ ಕತ್ತಿನ ಉದ್ದ ನೆನಪಿದೆಯಲ್ಲ.

ಮನೆಗೆ ಬಂದ ಕೂಡಲೇ ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆಯಬೇಕು. ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರೆಂದೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕಿಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು. ಕೈ ತೊಳೆಯುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಜೇಬು. ಆಮೆ ಬರಲಿಲ್ಲವೆಂದು ಉಳಿಸಿಕೊಂಡ ಹತ್ತು ಪೆಲೆಟ್ ಪ್ಯಾಂಟಿನ ಸಮೇತ ವಾಷಿಂಗ್ ಮೆಷಿನ್ನಿಗೆ ಹೋಗಿ, ಮುಕ್ಕಾಲು ಗಂಟೆ ನೆನೆದು, ಉಬ್ಬಿ, ಒಡೆದು, ಮನೆಮಂದಿಯ ಅಷ್ಟೂ ಬಟ್ಟೆಗೆ ಒಣಮೀನಿನ ವಾಸನೆ ಹಂಚುತ್ತವೆ. ಎರಡನೇ ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ಮನೆಯವರು ಅವತ್ತಿಡೀ ಮಾತಾಡುವುದಿಲ್ಲ. ಬೀದಿಯ ಬೆಕ್ಕು ಮಾತ್ರ, ಆರು ತಿಂಗಳಿಂದ ಕರೆದರೂ ತಿರುಗಿ ನೋಡದಿದ್ದದ್ದು, ತಾರಸಿಗೆ ಬಂದು ಒಣಹಾಕಿದ ಪ್ಯಾಂಟಿನ ಕೆಳಗೆ ಕೂತು, ಸಂಜೆಯವರೆಗೂ ಅದನ್ನೇ ಪ್ರೀತಿಯಿಂದ ನೋಡುತ್ತಿರುತ್ತದೆ.