ಹಬೆಯ ಕೈವಾಡ

ಇಡ್ಲಿ ಬೇಯಿಸುವುದು ಬೆಂಕಿ ಅಂದರೆ ನಾನು ಒಪ್ಪುವವನಲ್ಲ. ಬೆಂಕಿಗೆ ಇಡ್ಲಿಯ ಮುಖಪರಿಚಯವೇ ಇಲ್ಲ. ನೀರು ಕಾಯಿಸುವುದಷ್ಟೇ ಅದರ ಕೆಲಸ, ಮುಂದಿನದೆಲ್ಲ ಹಬೆಯ ಕೈವಾಡ. ತುಮಕೂರಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾದು ನಿಂತವರಿಗೆ ಇದನ್ನೆಲ್ಲ ಯೋಚಿಸಲು ಬೇಕಾದಷ್ಟು ಪುರುಸೊತ್ತು.

ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, 97ರ ಆಸುಪಾಸು ಸಾಕು. ಆದರೆ ಕುದಿಯುವ ನೀರು ಹಬೆಯಾಗುವುದು ದುಬಾರಿ ವ್ಯವಹಾರ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು 100 ಕ್ಯಾಲೊರಿ. ಆ ನೂರರ ನೀರನ್ನು ಹಬೆ ಮಾಡಲು ಮತ್ತೆ ಸುಮಾರು 540! ಇಷ್ಟನ್ನು ನುಂಗಿದರೂ ಉಷ್ಣತೆ ಒಂದು ಡಿಗ್ರಿಯೂ ಏರುವುದಿಲ್ಲ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಪತ್ತೆಹಚ್ಚಿದ ಗುಪ್ತೋಷ್ಣ ಇದೇ.

ಅಷ್ಟೂ ಶಾಖ ಹೋಗುವುದು ಅಣುಗಳನ್ನು ಬಿಡಿಸುವುದಕ್ಕೆ. ಸಿದ್ಧಗಂಗೆ ಜಾತ್ರೆಯ ನೂಕುನುಗ್ಗಲಲ್ಲಿ ಮಕ್ಕಳು ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುವ ಹಾಗೆ ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಣು ನೀರಿನದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಭಾರ. ಆದರೂ ಈ ಹಿಡಿತ ಬಲವಾಗಿಲ್ಲದ್ದಕ್ಕೆ ಮೈನಸ್ 60 ಡಿಗ್ರಿಯಲ್ಲೇ ಕುದಿದು ಅನಿಲವಾಗುತ್ತದೆ. ನೀರಿನ ಗತಿಯೂ ಅದೇ ಆಗಿದ್ದರೆ ಅಮಾನಿಕೆರೆಯ ಏರಿ ಕಟ್ಟುವ ಕಷ್ಟ ಯಾರಿಗೂ ಇರುತ್ತಿರಲಿಲ್ಲ, ಕಟ್ಟಲು ಮನುಷ್ಯರೂ ಇರುತ್ತಿರಲಿಲ್ಲ ಅನ್ನಿ.

ಹಬೆ ತಣ್ಣನೆಯ ಹಿಟ್ಟಿಗೆ ತಾಗಿ ಮತ್ತೆ ನೀರಾದಾಗ, ನುಂಗಿದ್ದ ಶಾಖವನ್ನೆಲ್ಲ ಅಲ್ಲೇ ಕಕ್ಕುತ್ತದೆ. ಇಡ್ಲಿ ಬೇಯುವುದು ಆ ಶಾಖದಲ್ಲಿ. ಹಬೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ಕೆಟ್ಟದಾಗುವುದೂ ಇದಕ್ಕೇ.

"ಇನ್ನೂ ಎಷ್ಟೊತ್ತಣ್ಣ?" ಅಂದರೆ ಒಲೆ ಮುಂದಿನವರು, "ಹಬೆ ಕಟ್ಲಿ ತಡೀರಿ ಸಾರ್, ಆಮೇಲೇ ತಟ್ಟೆ ಇಡೋದು" ಅನ್ನುತ್ತಾರೆ. ಅವರ ಮಾತು ಸರಿ. ಪಾತ್ರೆಯಲ್ಲಿ ಗಾಳಿ ಉಳಿದಿದ್ದರೆ ಅದು ಹಿಟ್ಟಿನ ಮೇಲೆ ಕವಿದುಕೊಂಡು ಹಬೆಯನ್ನು ಹತ್ತಿರ ಬಿಡುವುದಿಲ್ಲ. ಹಬೆ ಮೊದಲು ಗಾಳಿಯನ್ನು ಹೊರದಬ್ಬಬೇಕು. ಅಂದಹಾಗೆ, ಮುಚ್ಚಳ ತೆಗೆದಾಗ ಬೆಳ್ಳಗೆ ಏಳುವುದು ಆಗಲೇ ಸಣ್ಣ ಹನಿಗಳಾದ ನೀರು. ನಿಜವಾದ ಹಬೆ ಕಣ್ಣಿಗೆ ಕಾಣುವುದೇ ಇಲ್ಲ.

ಇನ್ನು ಬೆಣ್ಣೆ. ಅದರ ಜಿಡ್ಡಿನ ಅಣುಗಳ ನಡುವೆ ಹೈಡ್ರೋಜನ್ ಬಂಧವಿಲ್ಲ, 35 ಡಿಗ್ರಿಯ ಹೊತ್ತಿಗೆಲ್ಲ ಕರಗಿ ಹರಿಯುತ್ತದೆ. ಆದರೆ ತಣ್ಣನೆಯ ಚಟ್ನಿ ಮೊದಲು ಬಿದ್ದರೆ ಇಡ್ಲಿಯ ಶಾಖ ಅದಕ್ಕೇ ಖರ್ಚಾಗಿ ಬೆಣ್ಣೆ ಗಡ್ಡೆಯಾಗಿಯೇ ಕೂತಿರುತ್ತದೆ. ಅದಕ್ಕೇ ನಾನು ಚಟ್ನಿಯವರಿಗೆ ತಟ್ಟೆಯ ಅಂಚು ತೋರಿಸುವುದು.